ಕಾವಿಗೆ ಕೂತ ಹೇಂಟೆ

ಚುಕ್ಕಿ ಹೇಂಟೆಯ ಮನೆಯ ಕಂಪ್ಯೂಟರ್ ಪದೇ ಪದೇ ನಿಂತುಹೋಗತೊಡಗಿತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ರಿಪೇರಿ ಮಾಡುವ ನರಿ ಬಾಗಿಲಿಗೆ ಬಂದು ನಿಂತಿತು.

“ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಾಗಿ ಹಾಕಬೇಕು, ತಂಗಿ. ಕೋಳಿಯಿಂದ ಆಗುವ ಕೆಲಸವಲ್ಲ. ಬಾಗಿಲು ತೆಗೆ, ಹಾಕಿಕೊಡುತ್ತೇನೆ.”

“ನಾನೇ ಹಾಕಿಕೊಳ್ಳುತ್ತೇನೆ, ನರಿಯಣ್ಣ,” ಎಂದಿತು ಹೇಂಟೆ, ಒಳಗಿನಿಂದಲೇ. ಮರಿಗಳ ಫೋಟೊಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ, ರೆಕ್ಕೆಯಡಿ ಅವುಚಿಕೊಂಡು ಕೆಲಸಕ್ಕೆ ಇಳಿಯಿತು. ಕೊಕ್ಕಿನಿಂದ ಕುಕ್ಕಿದ ಮೊದಲ ಗುಂಡಿಯೇ ತಪ್ಪಾಗಿ, ಎಲ್ಲವನ್ನೂ ಮತ್ತೆ ಶುರು ಮಾಡಬೇಕಾಯಿತು. ಕಿಟಕಿಯಲ್ಲಿ ಇಣುಕುತ್ತಿದ್ದ ನರಿ ಕಿಸಕ್ಕನೆ ನಕ್ಕಿತು. ಹೇಂಟೆ ತಿರುಗಿಯೂ ನೋಡಲಿಲ್ಲ.

ಎರಡನೆಯ ಸಲ ಅರ್ಧ ಕೆಲಸದಲ್ಲಿ ಪರದೆ ಕಪ್ಪಾಯಿತು.

“ಸತ್ತೇ ಹೋಯಿತು! ಈಗಲಾದರೂ ಬಾಗಿಲು ತೆಗೆ!” ಎಂದು ನರಿ ಕೂಗಿತು.

ಮರಿಗಳು ಹೆದರಿ ತಾಯಿಯ ಹೊಟ್ಟೆಯಡಿ ಸೇರಿಕೊಂಡವು. ಹೇಂಟೆ ಮಾತ್ರ ಕಂಪ್ಯೂಟರಿನ ಮುಂದೆ ರೆಕ್ಕೆ ಅಗಲಿಸಿ ಕೂತೇಬಿಟ್ಟಿತು.

“ಮೊಟ್ಟೆಯೂ ಹೊರಗಿನಿಂದ ಸತ್ತ ಹಾಗೆಯೇ ಕಾಣುತ್ತದೆ. ನಡುವೆ ಎದ್ದು ಹೋದವಳ ಮೊಟ್ಟೆ ಕೊಳೆಯುತ್ತದೆ, ಕೂತವಳದ್ದು ಮರಿಯಾಗುತ್ತದೆ. ಕಾಯುವುದನ್ನು ನನಗೆ ಕಲಿಸಬೇಡ.”

ಬಿಸಿಲು ಅಂಗಳ ದಾಟುವ ಹೊತ್ತಿಗೆ ಪರದೆ ಬೆಳಗಿತು.

ನರಿ ಹಲ್ಲು ಕಡಿಯಿತು. “ಮುಂದಿನ ಸಲ ಪೂರ್ತಿ ಕೆಟ್ಟುಹೋದರೆ ಏನು ಮಾಡುತ್ತೀಯೆ?”

“ಮತ್ತೆ ಕೂರುತ್ತೇನೆ. ನನ್ನ ಕೈಯಲ್ಲಿ ಕೆಟ್ಟರೆ ಹೆಚ್ಚೆಂದರೆ ಕಂಪ್ಯೂಟರ್ ಕೆಟ್ಟೀತು, ನರಿಯಣ್ಣ. ನಿನಗೆ ಬಾಗಿಲು ತೆಗೆದರೆ ಮರಿಗಳ ಫೋಟೊ ಮಾತ್ರ ಉಳಿಯುತ್ತದೆ.”