ಮೂವತ್ತರಲ್ಲಿ ಕೂತ ವಾಲ್ಯೂಮ್

ಲಿನಕ್ಸ್ ಎಂಬ ಮೂಲ ತಂತ್ರಾಂಶ ಅಪ್‌ಗ್ರೇಡ್ ಆದ ದಿನದಿಂದ ಕಂಪ್ಯೂಟರಿನ ದನಿ ಕುಗ್ಗಿತ್ತು. ಸಂಗೀತದ ಟೀಚರ್ ಅಂಬುಜಾಕ್ಷಿ ಬೆಳಗಿನ ಅಭ್ಯಾಸಕ್ಕೆ ಹಾಕುತ್ತಿದ್ದ, ತೀರಿಹೋದ ಗುರುಗಳ ಹಾಡು ಪಿಸುಮಾತಾಯಿತು. ಅವರು ಸ್ಪೀಕರಿಗೆ ಕಿವಿಯಾನಿಸಿ ಕೂರತೊಡಗಿದರು.

"ಇನ್ನಷ್ಟು ಕೊಡು. ಗಂಟಲು ಬಿಟ್ಟು ಹಾಡಿ ಎಷ್ಟು ದಿನವಾಯಿತು!" ಎಂದು ಸ್ಪೀಕರ್, ಪರದೆಯ ಮೇಲಿನ ವಾಲ್ಯೂಮನ್ನು ಬೇಡಿತು.

"ನಾನು ನೂರರಲ್ಲಿದ್ದೇನೆ. ನನ್ನ ಮೇಲೆ ಇನ್ನೇನೂ ಇಲ್ಲ," ಎಂದಿತು ವಾಲ್ಯೂಮ್, ಬಿಗುಮಾನದಿಂದ.

ಕೊನೆಗೊಂದು ದಿನ ಅಂಬುಜಾಕ್ಷಿ ಸೆಟ್ಟಿಂಗ್ಸ್ ಒಳಗಿನ, ದನಿಯ ಮಟ್ಟಗಳನ್ನು ಹೊಂದಿಸುವ ಮಿಕ್ಸರ್ ತೆರೆದರು. ಅಲ್ಲಿ ಇನ್ನೊಂದು ವಾಲ್ಯೂಮ್ ಮೂವತ್ತರಲ್ಲಿ ಕೂತಿತ್ತು.

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಎಂದು ಸ್ಪೀಕರ್ ಕೇಳಿತು.

"ಅಪ್‌ಗ್ರೇಡ್ ನನ್ನನ್ನು ಇಲ್ಲಿಗೆ ಇಳಿಸಿಹೋಯಿತು. ಏರಿಸುವ ಕೈಗಾಗಿ ಕಾಯುತ್ತಿದ್ದೆ. ನೀವೆಲ್ಲ ನೂರೆಂದು ಬೀಗಿದವನನ್ನೇ ಕೇಳುತ್ತ ಕೂತಿರಿ."

ಅಂಬುಜಾಕ್ಷಿ ಅದನ್ನು ಏರಿಸಿದರು. ಗುರುಗಳ ದನಿ ಕೋಣೆ ತುಂಬಿತು. ಆದರೂ ಅಂಬುಜಾಕ್ಷಿ ಮತ್ತೆ ಸ್ಪೀಕರಿಗೆ ಕಿವಿಯಾನಿಸಿಯೇ ಕೂತರು, ಗುರುಗಳು ಅಲ್ಲೇ ಪಕ್ಕದಲ್ಲಿದ್ದಂತೆ.