ನಾಲ್ಕನೇ ಅಡಿಗಲ್ಲು

ಶಾಸಕ ಫಕೀರಗೌಡರು ಮೂರು ಸಲ ಗೆದ್ದವರು. ಯಾರ ಮದುವೆಗೂ ತಪ್ಪಿದವರಲ್ಲ, ಯಾರ ಮಣ್ಣಿಗೂ ತಪ್ಪಿದವರಲ್ಲ. ಪ್ರತಿ ಚುನಾವಣೆಗೆ ಮುಂಚೆ ಊರ ಹಳ್ಳದ ಸೇತುವೆಗೆ ಒಂದು ಅಡಿಗಲ್ಲು ಇಡುವುದನ್ನೂ ಮರೆತವರಲ್ಲ. ಸೇತುವೆ ಮಾತ್ರ ಆಗಿರಲಿಲ್ಲ.

ನಾಲ್ಕನೇ ಚುನಾವಣೆ ಬಂತು. “ನಾಡಿದ್ದು ಪೂಜೆ, ಹೊಸ ಕಲ್ಲು ಕೆತ್ತು. ನನ್ನ ಹೆಸರು ದಪ್ಪಗಿರ್ಲಿ,” ಎಂದು ಕಲ್ಲುಕುಟಿಗ ದ್ಯಾಮಣ್ಣನಿಗೆ ಗೌಡರ ಅಪ್ಪಣೆಯಾಯಿತು. ಒಲ್ಲೆ ಅಂದರೆ ಗೌಡರಿಗೆ ಸಿಟ್ಟು. ಹೂಂ ಅಂದರೆ ಹೆಂಡತಿ ಇನ್ನೈದು ವರ್ಷ ಮೊಣಕಾಲು ನೀರಿನಲ್ಲೇ ಸಂತೆಗೆ ಹೋಗಬೇಕು. ದ್ಯಾಮಣ್ಣ ಹೂಂ ಅಂದ.

ಪೂಜೆಯ ದಿನ ಗೌಡರು ತೆಂಗಿನಕಾಯಿ ಹಿಡಿದು ಬಂದರೆ, ಹಳೆಯ ಮೂರು ಅಡಿಗಲ್ಲುಗಳೂ ಹಳ್ಳದ ನೀರಿನಲ್ಲಿ ಹೆಜ್ಜೆಗೊಂದರಂತೆ ಕೂತಿದ್ದವು.

“ಏನೋ ಇದು?”

“ಸೇತುವೆ ರೀ ಗೌಡ್ರ. ನಿಮ್ಮ ಹೆಸರು ಯಾರೂ ತುಳೀಬಾರ್ದಂತ ಬೋರಲು ಹಾಕೀನಿ. ಇವತ್ತಿಂದೂ ಸೇರಿದ್ರ ನಾಕು ಹೆಜ್ಜಿ ಆತು.”

“ಆಚೆ ದಂಡಿಗೆ ಇನ್ನೆಷ್ಟು ಬೇಕು?”

“ಇನ್ನ ಹದಿನಾಲ್ಕು ರೀ. ದೇವರು ನಿಮ್ಮನ್ನ ಅಷ್ಟೂ ಸಲ ಗೆಲ್ಲಿಸ್ಲಿ.”

ಗೌಡರ ಮುಖ ಮೊದಲು ಕೆಂಪಾಯಿತು, ಆಮೇಲೆ ಹೊಟ್ಟೆ ಕುಲುಕಿತು. ನಗು ತಡೆಯಲಾರದೆ ಕಾಯಿಯನ್ನು ದ್ಯಾಮಣ್ಣನ ಕೈಗಿಟ್ಟರು.

“ಸೇತುವೆ ಆದ ದಿನ ಒಡೆಯೋಣು. ಜೋಪಾನ ಇಡು.”

“ಇಡ್ತೀನ್ರಿ. ಕಾಯಿ ಕೆಡೂದ್ರಾಗ ಬರ್ರಿ ಮತ್ತ.”