ಹೊತ್ತೊಯ್ಯುವ ಬೆಂಚು

ಕಾವೇರಿಯ ದಡದಲ್ಲಿ ಮೇದಪ್ಪ ಮೇಷ್ಟ್ರು ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಸೈನ್ಯದಿಂದ ನಿವೃತ್ತರಾದವರು. ಮಾತು ಕಡಿಮೆ.

ಒಂದು ಬೆಳಿಗ್ಗೆ ಅವರ ಶಿಷ್ಯೆ ದೇಚಮ್ಮ ತನ್ನ ಕೋವಿಯನ್ನು ತಂದು ಅವರ ಮುಂದೆ ಇಟ್ಟಳು.

“ಇನ್ನು ಸಾಕು ಮೇಷ್ಟ್ರೇ. ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯಕ್ಕೆ ನಾನು ನಿಲ್ಲೋದಿಲ್ಲ. ಕೋವಿಯನ್ನು ದೊಡ್ಡಪ್ಪನ ಮಗನಿಗೆ ಕೊಟ್ಟುಬಿಡು ಅಂದರು ಅಪ್ಪ.”

“ಯಾಕೆ?”

“ನನ್ನ ಕೈ ನಡುಗುತ್ತಂತೆ. ನಿಜವೇ ಇರಬೇಕು. ಇದೇ ಕೋವಿಯಲ್ಲಿ ಅಪ್ಪ ಎಷ್ಟೋ ಕಾಯಿ ಒಡೆದಿದ್ದಾರೆ. ನಾನು ಹೊಡೆದರೆ ಎಡಕ್ಕೇ ಹೋಗುತ್ತೆ.”

“ತಪ್ಪು ಕೈಯದೋ, ಕೋವಿಯದೋ?”

“ಗೊತ್ತಿಲ್ಲ. ನೀವೇ ಒಮ್ಮೆ ಹೊಡೆದು ನೋಡಬಾರದಾ?”

“ನಾನು ಹೊಡೆದರೆ ನನ್ನ ಕೈ ಹೇಗಿದೆ ಅಂತ ಮಾತ್ರ ಗೊತ್ತಾಗುತ್ತೆ” ಎಂದರು ಮೇಷ್ಟ್ರು. “ಒಂದು ಬೆಂಚು ಮಾಡಿಕೊಂಡು ಬಾ. ಕೋವಿಯ ಭಾರ ಅದೇ ಹೊರಲಿ. ಬೆಂಚು ಅಲ್ಲಾಡಬಾರದು. ನೀನೊಬ್ಬಳೇ ಹೊತ್ತು ತರಬೇಕು.”

ದೇಚಮ್ಮ ಮನೆಯ ಹಿಂದೆ ಗರಗಸ ಹಿಡಿದು ಕೂತಳು. ಹಲಸಿನ ದಪ್ಪ ಹಲಗೆ, ತೊಲೆಯಂಥ ನಾಲ್ಕು ಕಾಲು. ಬೆಂಚು ಬಂಡೆಯ ಹಾಗೆ ನಿಂತಿತು. ಜೀಪಿಗೆ ಏರಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು.

ರಸ್ತೆ ಮುಗಿದಲ್ಲಿ ಜೀಪು ನಿಂತಿತು. ಮುಂದೆ ಹೊಳೆಯ ತನಕ ಕಾಲುದಾರಿ.

ಮೇಷ್ಟ್ರು ಅಲ್ಲಿಗೇ ಬಂದು ಹಲಗೆಯನ್ನು ತಟ್ಟಿ ನೋಡಿದರು.

“ಗಟ್ಟಿಯಾಗಿದೆ. ಇಲ್ಲೇ ಇರಲಿ. ಹೊಳೆ ಇಲ್ಲಿಗೆ ಬರುತ್ತಾ ನೋಡೋಣ.”

ದೇಚಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು.

ಮುಂದಿನ ಸಲ ಅವಳು ತೆಳು ಪ್ಲೈವುಡ್ಡಿನ ಮಡಚುವ ಬೆಂಚನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ದಡದ ಕಲ್ಲುಗಳ ಮೇಲೆ ಬಿಡಿಸಿಟ್ಟಳು. ಒಂದು ಕಾಲು ನೆಲಕ್ಕೆ ತಾಗಲಿಲ್ಲ. ಬೆಂಚನ್ನು ಎತ್ತ ತಿರುಗಿಸಿದರೂ ಒಂದಲ್ಲ ಒಂದು ಕಾಲು ಗಾಳಿಯಲ್ಲೇ.

ಮೇಷ್ಟ್ರು ಜೇಬಿನಿಂದ ಚಾಕು ತೆಗೆದು, ಗಾಳಿಯಲ್ಲಿದ್ದ ಕಾಲಿನ ಸ್ಕ್ರೂ ಬಿಚ್ಚಿ, ಕಾಲನ್ನು ಅವಳ ಕೈಗೆ ಕೊಟ್ಟರು.

“ನೆಲ ಮುಟ್ಟದ್ದನ್ನು ಯಾಕೆ ಹೊತ್ತು ತಂದೆ?”

ಅವಳು ಕೋವಿ ಊರಿದ್ದೇ ತಡ, ಬೆಂಚು ಮಗುಚಿ ಬಿತ್ತು.

“ಬಿದ್ದೇ ಹೋಯ್ತಲ್ಲ ಮೇಷ್ಟ್ರೇ!”

“ಮೂರರ ಮೇಲೆ ನಿಲ್ಲೋ ಹಾಗೆ ಮಾಡು.”

ದೇಚಮ್ಮ ಮತ್ತೆ ಗರಗಸ ಹಿಡಿದಳು. ಅಪ್ಪ ಜಗಲಿಯಿಂದ ಎದ್ದು ಬಂದು, ಹಲಗೆಯ ಇನ್ನೊಂದು ತುದಿಯನ್ನು ಒತ್ತಿ ಹಿಡಿದರು. ಹಲಗೆ ನೇರವಾಗಿ ತುಂಡಾಯಿತು.

ಈ ಸಲ ಮುಂದೆ ಒಂದು ಕಾಲು, ಹಿಂದೆ ಎರಡು. ಮೂರೂ ಹೊರಕ್ಕೆ ವಾಲಿದ್ದವು. ಕಾಲುಗಳನ್ನು ಹಲಗೆಯ ತೂತುಗಳಿಗೆ ಸಿಕ್ಕಿಸಿ ಬೆಣೆ ಬಡಿದರೆ ಬಿಗಿ. ಬೆಣೆ ಕಿತ್ತರೆ ಎಲ್ಲವೂ ಬಿಡಿ. ಹಗ್ಗದಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಕಾಲುದಾರಿಯಲ್ಲಿ ನಡೆದು ಬಂದಳು.

ಅದೇ ಕಲ್ಲುಗಳ ಮೇಲೆ ಬೆಂಚು ನಿಂತಿತು. ಮೇಷ್ಟ್ರು ತಮ್ಮ ಲೋಟಕ್ಕೆ ಅಂಚಿನವರೆಗೂ ಕಾಫಿ ಬಗ್ಗಿಸಿ ಹಲಗೆಯ ಮೇಲಿಟ್ಟರು. ಪಕ್ಕದಲ್ಲಿ ಅಂಗೈಯಿಂದ ಒಂದು ಏಟು ಕೊಟ್ಟರು. ಕಾಫಿ ತುಳುಕಲಿಲ್ಲ. ನಿಧಾನವಾಗಿ ಕುಡಿದು ಮುಗಿಸಿದರು.

“ಹೊಡೆ.”

ದೇಚಮ್ಮ ಒಂದು ಕಲ್ಲಿನ ಮೇಲೆ ಕೂತು, ಬೆಂಚಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಕೋವಿ ಊರಿದಳು. ಎದುರಿನ ಮಣ್ಣುದಿಬ್ಬಕ್ಕೆ ಅಂಟಿಸಿದ್ದ ಕಾಗದಕ್ಕೆ ಒಂದರ ಹಿಂದೆ ಒಂದು ಗುಂಡು ಹೊಡೆದಳು. ಓಡಿಹೋಗಿ ಕಾಗದ ಕಿತ್ತು ತಂದಳು.

“ನೋಡಿ, ಮತ್ತೆ ಎಡಕ್ಕೇ! ಎಲ್ಲವೂ!”

ಮೇಷ್ಟ್ರು ಕಾಗದದ ಮೇಲೆ ಹೆಬ್ಬೆರಳು ಇಟ್ಟರು. ತೂತುಗಳೆಲ್ಲ ಅದರಡಿ ಮುಚ್ಚಿಹೋದವು.

“ನಡುಗೋ ಕೈ ಹೀಗೆ ಒಂದೇ ಕಡೆ ಹೊಡೆಯುತ್ತಾ?”

ದೇಚಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ನಕ್ಕಳು. ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು.

“ಹಾಗಾದರೆ ಅಪ್ಪನ ಗುರಿ ಹೇಗೆ ತಪ್ಪುತ್ತಿರಲಿಲ್ಲ?”

“ಎಷ್ಟು ವರ್ಷದ ಸಹವಾಸ! ಎತ್ತಿದಾಗ ಕೋವಿಯನ್ನು ಒಂದು ಚೂರು ಬಲಕ್ಕೆ ಹಿಡಿಯೋದು ಅವರ ಕೈಗೆ ಅಭ್ಯಾಸವಾಗಿದೆ. ಹಾಗೆ ಹಿಡೀತೀನಿ ಅಂತ ಅವರಿಗೇ ಗೊತ್ತಿರೋದಿಲ್ಲ.”

ಮೇಷ್ಟ್ರು ಚೀಲದಿಂದ ಸಣ್ಣ ಸುತ್ತಿಗೆ ತೆಗೆದರು. ನಳಿಗೆಯ ತುದಿಯಲ್ಲಿದ್ದ, ಗುರಿ ನೋಡುವ ಕಡ್ಡಿ ಸೊಟ್ಟಗಿತ್ತು; ಒಂದಿಷ್ಟು ತಟ್ಟಿದರೆ ಸಾಕಿತ್ತು.

“ಈಗಲೇ ಹೋಗಿ ಅಪ್ಪನಿಗೆ ಹೇಳ್ತೀನಿ” ಎಂದಳು ದೇಚಮ್ಮ. “ನನ್ನ ಕೈ ಸರಿಯಿದೆ, ನಿಮ್ಮ ಕೋವಿಯೇ ಸೊಟ್ಟ ಅಂತ.”

ಮೇಷ್ಟ್ರು ಕಡ್ಡಿಯನ್ನು ತಟ್ಟದೆಯೇ ಸುತ್ತಿಗೆಯನ್ನು ಮತ್ತೆ ಚೀಲಕ್ಕೆ ಹಾಕಿದರು.

“ಬೆಂಚನ್ನು ನಿಮ್ಮ ಗದ್ದೆಗೆ ಹೊತ್ತುಕೊಂಡು ಹೋಗು. ಅಪ್ಪನನ್ನು ಕೂರಿಸಿ, ಕೋವಿಯ ಭಾರ ಬೆಂಚಿಗೇ ಬಿಟ್ಟು ಕಾಗದಕ್ಕೆ ಹೊಡೆಯಲು ಹೇಳು. ನೀನು ಪಕ್ಕದಲ್ಲಿ ಸುಮ್ಮನೆ ನಿಂತಿರು.”